ರಿಪೋರ್ಟಿನಲ್ಲಿ ಸಿಆರ್‌ಪಿ 84 ಇದೆ, ಅಪ್ಪನ ಲಕ್ವ ಯಾವ ಬಗೆಯದು?

ಪ್ರಶ್ನೆ: ನಮ್ಮ ತಂದೆಗೆ 64 ವರ್ಷ. ಚನ್ನಗಿರಿ ಕಡೆಯ ಹಳ್ಳಿಯಲ್ಲಿದ್ದಾರೆ. ಅಡಿಕೆ ತೋಟ, ಎರಡು ಹಸು ಇವೆ. ಹತ್ತು ವರ್ಷದಿಂದ ಶುಗರ್, ಬಿಪಿ ಎರಡೂ ಇವೆ. ಬಿಪಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಮೂರು ವಾರದ ಹಿಂದೆ ಬೆಳಗ್ಗೆ ಐದೂವರೆಗೆ ಹಾಲು ಕರೆಯಲು ಕೂತಾಗ ಬಲಗೈ ಹಿಡಿತ ತಪ್ಪಿತು. ಮಾತು ತೊದಲಿತು, ಬಾಯಿ ಸೊಟ್ಟಗಾಯಿತು. ಸುಸ್ತಾಗಿರಬೇಕು ಅಂತ ಮಲಗಿಸಿ ಎಳನೀರು ಕುಡಿಸಿದರು. ಕೆಮ್ಮು ಬಂದು ಅರ್ಧ ಆಚೆ ಬಂತು. ದಾವಣಗೆರೆಯ ಆಸ್ಪತ್ರೆ ಸೇರುವಾಗ ಹತ್ತೂವರೆ. ಸಿಟಿ ಸ್ಕ್ಯಾನ್ ‘ನಾರ್ಮಲ್’ ಅಂದರು. ಅವತ್ತು ಉರಿಯೂತ ನೋಡುವ ರಕ್ತಪರೀಕ್ಷೆಯಲ್ಲಿ ಸಿಆರ್‌ಪಿ 7, ಎನ್‌ಎಲ್‌ಆರ್ 5.8 ಇತ್ತು. ಮರುದಿನ ಎಂಆರ್‌ಐ ಮಾಡಿ ‘ಎಡಗಡೆ ಇಂಟರ್ನಲ್ ಕ್ಯಾಪ್ಸೂಲ್‌ನಲ್ಲಿ 11 ಮಿ.ಮೀ. ಲ್ಯಾಕ್ಯುನಾರ್ ಇನ್‌ಫಾರ್ಕ್ಟ್’ ಅಂತ ಬರೆದರು. ಇಸಿಜಿ ಸರಿ ಇತ್ತು. ಮೂರನೇ ದಿನ ಜ್ವರ, ಕೆಮ್ಮು. ಸಿಆರ್‌ಪಿ 84, ಉರಿಯೂತದ ಇನ್ನೊಂದು ಅಳತೆಯಾದ ಇಎಸ್‌ಆರ್ 52 ಆಯಿತು. ಆಂಟಿಬಯೋಟಿಕ್ ಕೊಟ್ಟ ಮೇಲೆ ಇಳಿಯಿತು. ಈಗ ಮನೆಯಲ್ಲಿದ್ದಾರೆ, ಕೋಲು ಹಿಡಿದು ನಡೆಯುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಜತೆಗೆ ಕೊಲೆಸ್ಟ್ರಾಲ್ ಮಾತ್ರೆ ಕೊಡುತ್ತಿದ್ದೇವೆ.

ಲ್ಯಾಬಿನಲ್ಲಿ ಕೆಲಸ ಮಾಡುವ ನಮ್ಮ ಸಂಬಂಧಿಕರೊಬ್ಬರು ರಿಪೋರ್ಟ್ ನೋಡಿ, ‘ಸಿಆರ್‌ಪಿ ಇಷ್ಟು ಜಾಸ್ತಿ ಇದ್ದರೆ ಹೃದಯದಿಂದ ಹೆಪ್ಪು ಬಂದಿದೆ ಅಂತ ಅರ್ಥ, ಇನ್ನೂ ಸ್ಟ್ರಾಂಗ್ ಬ್ಲಡ್ ಥಿನ್ನರ್ ಬೇಕು’ ಅನ್ನುತ್ತಾರೆ. ದೊಡ್ಡಪ್ಪ, ‘ಸಿಟಿ ನಾರ್ಮಲ್ ಇದ್ದಮೇಲೆ ಇದು ರಕ್ತ ಕೆಟ್ಟಿದ್ದಕ್ಕೆ ಆದದ್ದು, ಒಳಗೆ ರಕ್ತ ಸೋರುತ್ತಿರಬಹುದು, ಮಾತ್ರೆ ನಿಲ್ಲಿಸಿ’ ಅನ್ನುತ್ತಾರೆ. ರಕ್ತಪರೀಕ್ಷೆಯಿಂದ ಲಕ್ವದ ಬಗೆ ಗೊತ್ತಾಗುತ್ತದೆಯಾ? ಮಾತ್ರೆ ಬದಲಿಸಬೇಕಾ? ನನಗೆ 36, ತಮ್ಮನಿಗೆ 32. ನಾವೂ ಈ ‘ಉರಿಯೂತದ ಪ್ಯಾಕೇಜ್’ ಮಾಡಿಸಬೇಕಾ? ಅಪ್ಪ ಮತ್ತೆ ಹಾಲು ಕರೆಯಬಹುದಾ ಅಂತ ದಿನಾ ಕೇಳುತ್ತಾರೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆ ನಾಲ್ಕಿದ್ದರೂ ಭಯ ಒಂದೇ. ಅಪ್ಪನಿಗೆ ತಪ್ಪು ಮಾತ್ರೆ ಕೊಡುತ್ತಿದ್ದೇವಾ ಅನ್ನುವುದು. ಅದಕ್ಕೇ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿದ್ದನ್ನು ನೋಡಿದರೆ ಮಾತ್ರೆಗಳು ಸರಿಯಾಗಿಯೇ ಇವೆ. ಯಾರದೋ ಮಾತು ಕೇಳಿ ಇವತ್ತು ನಿಲ್ಲಿಸಬೇಡಿ, ನೀವೇ ಬದಲಿಸಲೂಬೇಡಿ. ಲಕ್ವ ಯಾವ ಬಗೆಯದು ಅನ್ನುವುದು ನಿಮ್ಮ ಕೈಯಲ್ಲಿರುವ ಎಂಆರ್‌ಐ ಕಾಗದದಲ್ಲೇ ಇದೆ. ಸಿಆರ್‌ಪಿಗೆ ಅದನ್ನು ಹೇಳುವ ಶಕ್ತಿ ಇಲ್ಲ. ಆ 84 ಬೇರೆ ವಿಷಯ ಹೇಳುತ್ತಿತ್ತು. ಅದೂ ಮುಖ್ಯವಾದದ್ದೇ, ಮುಂದೆ ಹೇಳುತ್ತೇನೆ.

ಲಕ್ವ ಅಂದರೆ ಒಂದೇ ಕಾಯಿಲೆ ಅಂತ ನಮ್ಮಲ್ಲಿ ತಿಳಿದಿದ್ದಾರೆ. ಹಾಗಲ್ಲ. ಮೆದುಳಿನ ರಕ್ತನಾಳ ಕಟ್ಟಿಕೊಂಡರೆ ಒಂದು ಬಗೆ. ನಾಳ ಒಡೆದು ರಕ್ತ ಸೋರಿದರೆ ಇನ್ನೊಂದು. ಹತ್ತರಲ್ಲಿ ಸುಮಾರು ಎಂಟು ಮಂದಿಗೆ ಆಗುವುದು ಮೊದಲನೆಯದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಕೈ ಬೀಳುತ್ತದೆ, ಬಾಯಿ ಸೊಟ್ಟಗಾಗುತ್ತದೆ, ಮಾತು ತೊದಲುತ್ತದೆ. ಆದರೆ ಚಿಕಿತ್ಸೆ ಪೂರ್ತಿ ಉಲ್ಟಾ. ಕಟ್ಟಿಕೊಂಡ ನಾಳಕ್ಕೆ ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕು. ಅದೇ ಇಂಜೆಕ್ಷನ್ ಅನ್ನು ರಕ್ತ ಸೋರುತ್ತಿರುವವರಿಗೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಅದಕ್ಕೇ ಮೊದಲು ಸ್ಕ್ಯಾನ್ ಮಾಡುವುದು.

ಹಾಗಾದರೆ ಸಿಟಿ ಯಾಕೆ ‘ನಾರ್ಮಲ್’ ಬಂತು? ದೊಡ್ಡಪ್ಪನವರ ಗೊಂದಲ ಸಹಜವೇ. ನನ್ನ ಹತ್ತಿರ ಬರುವ ಅರ್ಧ ಮಂದಿ ಇದನ್ನು ಕೇಳುತ್ತಾರೆ. ಸೋರಿದ ರಕ್ತ ಸಿಟಿಯಲ್ಲಿ ಬೆಳ್ಳಗೆ, ತಕ್ಷಣ ಕಾಣಿಸುತ್ತದೆ. ಹೆಪ್ಪಿನಿಂದ ಸತ್ತ ಮೆದುಳಿನ ಭಾಗ ಮಾತ್ರ ಮೊದಲ ಕೆಲವು ಗಂಟೆ ಬಹಳ ಸಲ ಕಾಣುವುದೇ ಇಲ್ಲ. ಜಾಗ ಚಿಕ್ಕದಿದ್ದರಂತೂ ಇನ್ನೂ ಕಷ್ಟ. ಆ ಹೊತ್ತಿಗೆ ಡಾಕ್ಟರ್ ‘ಸಿಟಿ ನಾರ್ಮಲ್’ ಅಂದರೆ ‘ರಕ್ತ ಸೋರಿಲ್ಲ’ ಅಂತ ಅರ್ಥ, ‘ಲಕ್ವ ಆಗಿಲ್ಲ’ ಅಂತಲ್ಲ. ಲಕ್ಷಣ ಇದ್ದು ಸಿಟಿಯಲ್ಲಿ ರಕ್ತ ಇಲ್ಲ ಅಂದರೆ, ನಾಳ ಕಟ್ಟಿದೆ ಅನ್ನುವ ಅನುಮಾನ ಜಾಸ್ತಿಯಾಗುತ್ತದೆ. ಮರುದಿನದ ಎಂಆರ್‌ಐ ಅದನ್ನೇ ತೋರಿಸಿತು. ಒಳಗೆ ರಕ್ತ ಸೋರುತ್ತಿದ್ದರೆ ಈ ಎರಡು ಸ್ಕ್ಯಾನ್ ಸೇರಿ ಅದನ್ನು ಬಿಟ್ಟುಬಿಡುವ ಸಾಧ್ಯತೆ ತೀರಾ ಕಡಿಮೆ. ‘ರಕ್ತ ಕೆಟ್ಟಿದೆ’ ಅನ್ನುವ ಮಾತಿಗೆ ವೈದ್ಯಕೀಯದಲ್ಲಿ ಅರ್ಥವಿಲ್ಲ. ಹಾಗಂತ ದೊಡ್ಡಪ್ಪನವರ ಜತೆ ಜಗಳ ಆಡಬೇಡಿ. ಸಿಟಿ ಫಿಲಂ ತೋರಿಸಿ, ರಕ್ತ ಇದ್ದಿದ್ದರೆ ಇಲ್ಲಿ ಬೆಳ್ಳಗಿರುತ್ತಿತ್ತು ಅಂತ ಹೇಳಿ. ಕಣ್ಣಿಗೆ ಕಂಡರೆ ಹಿರಿಯರು ಒಪ್ಪುತ್ತಾರೆ.

ಈಗ ನಿಮ್ಮ ಸಂಬಂಧಿಕರ ಮಾತಿಗೆ ಬರೋಣ. ಅವರು ಹೇಳಿದ್ದು ಗಾಳಿಮಾತಲ್ಲ. ಎಲ್ಲೋ ನಿಜವಾದದ್ದನ್ನೇ ಓದಿದ್ದಾರೆ, ಆದರೆ ಅದು ನಿಮ್ಮ ತಂದೆಗೆ ಹೊಂದುವುದಿಲ್ಲ.

ನಾಳ ಕಟ್ಟುವುದರಲ್ಲೂ ಬಗೆಗಳಿವೆ. 1993ರಿಂದ ನಾವು ಬಳಸುವ ಟೋಸ್ಟ್ ಎಂಬ ವಿಂಗಡಣೆಯಲ್ಲಿ ಐದು ಗುಂಪು. ಕತ್ತಿನ ಅಥವಾ ತಲೆಯ ದೊಡ್ಡ ನಾಳದಲ್ಲಿ ಕೊಬ್ಬು ಕಟ್ಟಿ ಆಗುವುದು ಒಂದು. ಹೃದಯದಲ್ಲಿ ಹೆಪ್ಪುಗಟ್ಟಿ ಅಲ್ಲಿಂದ ಹಾರಿ ಬಂದು ಸಿಕ್ಕಿಕೊಳ್ಳುವುದು ಇನ್ನೊಂದು. ಮೆದುಳಿನ ಆಳದಲ್ಲಿರುವ ಕೂದಲೆಳೆಯಂಥ ನಾಳ ಬಿಪಿ, ಶುಗರಿನಿಂದ ದಪ್ಪಗಾಗಿ ಮುಚ್ಚಿಹೋಗುವುದು ಮೂರನೆಯದು. ಅಪರೂಪದ ಕಾರಣಗಳು ನಾಲ್ಕನೆಯದು. ಎಷ್ಟು ಹುಡುಕಿದರೂ ಕಾರಣ ಸಿಗದವರು ಐದನೆಯವರು. ನಿಮ್ಮ ತಂದೆಯ ರಿಪೋರ್ಟಿನ ‘ಲ್ಯಾಕ್ಯುನಾರ್’ ಅನ್ನುವ ಪದ ಮೂರನೇ ಗುಂಪಿನ ಹೆಸರು. ಜಾಗ ಮೆದುಳಿನ ಆಳದಲ್ಲಿದೆ, ಗಾತ್ರ 11 ಮಿ.ಮೀ. ಮಾತ್ರ, ಹತ್ತು ವರ್ಷದ ಶುಗರ್, ಮಾತ್ರೆ ಬಿಟ್ಟ ಬಿಪಿ. ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತವೆ.

ಉರಿಯೂತ ಅಂದರೆ ಗಾಯಕ್ಕೆ, ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ. ಸಿಆರ್‌ಪಿಯಂಥ ಅದರ ಗುರುತುಗಳನ್ನು ಈ ಗುಂಪುಗಳಲ್ಲಿ ಹೋಲಿಸಿ ನೋಡಿದ ಅಧ್ಯಯನಗಳು ಎಷ್ಟೋ ಇವೆ. ಹೃದಯದಿಂದ ಹೆಪ್ಪು ಬಂದವರಲ್ಲಿ ಮತ್ತು ದೊಡ್ಡ ನಾಳ ಕಟ್ಟಿದವರಲ್ಲಿ ಸಿಆರ್‌ಪಿ ಸರಾಸರಿ ಜಾಸ್ತಿ, ಸಣ್ಣ ನಾಳದವರಲ್ಲಿ ಕಡಿಮೆ ಅಂತ ಹಲವು ಕಡೆ ಕಂಡಿದೆ. ನಿಮ್ಮ ಸಂಬಂಧಿಕರು ಓದಿದ್ದು ಇದನ್ನೇ ಇರಬೇಕು. ಆದರೆ ಅದು ಸರಾಸರಿ. ಆಗುಂಬೆಯಲ್ಲಿ ಮಳೆ ಜಾಸ್ತಿ, ಚಿತ್ರದುರ್ಗದಲ್ಲಿ ಕಡಿಮೆ. ಇದರಲ್ಲಿ ಸುಳ್ಳಿಲ್ಲ. ಆದರೆ ನಿನ್ನೆ ಒಂದು ಊರಲ್ಲಿ 20 ಮಿ.ಮೀ. ಮಳೆ ಬಿತ್ತು ಅಂತಷ್ಟೇ ಹೇಳಿದರೆ, ಅದು ಯಾವ ಊರು ಅಂತ ಯಾರು ಹೇಳುತ್ತಾರೆ? ಎರಡೂ ಕಡೆ ಅಷ್ಟು ಮಳೆ ಬೀಳಬಹುದು. ಸಿಆರ್‌ಪಿಯದ್ದೂ ಇದೇ ಕಥೆ. ಗುಂಪುಗಳ ನಡುವೆ ವ್ಯತ್ಯಾಸ ಇದೆ. ಒಬ್ಬ ಮನುಷ್ಯನ ಒಂದು ಸಂಖ್ಯೆ ನೋಡಿ ಗುಂಪು ಹೇಳಲು ಆಗುವುದಿಲ್ಲ. ಮೆದುಳಿನ ದೊಡ್ಡ ಭಾಗ ಸತ್ತಷ್ಟೂ ಉರಿಯೂತ ಜಾಸ್ತಿ. ಹೃದಯದ ಹೆಪ್ಪು ಬಹಳ ಸಲ ದೊಡ್ಡ ನಾಳವನ್ನು ಕಟ್ಟುವುದರಿಂದ ಅಲ್ಲಿ ಸಿಆರ್‌ಪಿ ಏರುವುದು ಸಹಜ. ಅಂದರೆ ಅದು ಹೆಪ್ಪು ಎಲ್ಲಿಂದ ಬಂತು ಅನ್ನುವುದಕ್ಕಿಂತ, ಪೆಟ್ಟು ಎಷ್ಟು ದೊಡ್ಡದು ಅನ್ನುವುದನ್ನು ಹೇಳುತ್ತಿರುತ್ತದೆ.

ಸಿಆರ್‌ಪಿ ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇದು ಗೊತ್ತಾದರೆ ರಿಪೋರ್ಟ್ ನೋಡಿದಾಗಿನ ಅರ್ಧ ಹೆದರಿಕೆ ಹೋಗುತ್ತದೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಮೊದಲು ಕಂಡರು. ಹುಟ್ಟಿದ್ದೇ ಎದೆಯ ಸೋಂಕಿನ ಪರೀಕ್ಷೆಯಿಂದ! ಇದನ್ನು ತಯಾರಿಸುವುದು ಲಿವರ್. ದೇಹದಲ್ಲಿ ಎಲ್ಲೇ ಗಾಯವಾಗಲಿ, ಸೋಂಕಾಗಲಿ, ಅಲ್ಲಿನ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸುದ್ದಿ ಕಳಿಸುತ್ತವೆ. ಅದು ತಲುಪಿದ ಮೇಲೆ ಲಿವರ್ ಸಿಆರ್‌ಪಿ ಸುರಿಯಲು ಶುರು ಮಾಡುತ್ತದೆ. ರಕ್ತದಲ್ಲಿ ಏರಿದ್ದು ಕಾಣಲು ಆರರಿಂದ ಎಂಟು ಗಂಟೆ ಬೇಕು. ತುದಿ ಮುಟ್ಟುವುದು ಸುಮಾರು ಎರಡು ದಿನಕ್ಕೆ. ಕಾರಣ ಹೋದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ.

ದೂರದಲ್ಲಿ ತಮಟೆ ಸದ್ದು ಕೇಳಿದರೆ ಊರಲ್ಲಿ ಏನೋ ನಡೆದಿದೆ ಅಂತ ಗೊತ್ತಾಗುತ್ತದೆ. ಜಾತ್ರೆಯೋ ಸಾವೋ, ಎದ್ದು ಹೋಗಿ ನೋಡಬೇಕು. ಸಿಆರ್‌ಪಿ ಆ ಸದ್ದು.

ಈ ಗಂಟೆಗಳ ಲೆಕ್ಕವನ್ನು ನಿಮ್ಮ ತಂದೆಗೆ ಹಾಕಿ ನೋಡಿ. ಮೊದಲ ದಿನದ ರಕ್ತ ತೆಗೆದಿದ್ದು ಲಕ್ವ ಆಗಿ ಐದು ಗಂಟೆಗೆ. ಅಷ್ಟರಲ್ಲಿ ಲಕ್ವದಿಂದ ಸಿಆರ್‌ಪಿ ಏರಲು ಸಮಯವೇ ಇರಲಿಲ್ಲ. ಅವತ್ತಿನ 7 ಅನ್ನುವುದು ಹೆಚ್ಚುಕಡಿಮೆ ಅವರ ಹಳೆಯ ಮಟ್ಟ. ಶುಗರ್ ಇರುವವರಲ್ಲಿ, ಬೀಡಿ ಸೇದುವವರಲ್ಲಿ, ವಸಡಿನ ತೊಂದರೆ ಇರುವವರಲ್ಲಿ, ಹೊಟ್ಟೆ ಬಂದವರಲ್ಲಿ ಅಷ್ಟು ಇರುವುದು ಮಾಮೂಲು. ಮೂರನೇ ದಿನ 84 ಆದಾಗ ಜತೆಗೆ ಜ್ವರ, ಕೆಮ್ಮು ಇತ್ತು. 11 ಮಿ.ಮೀ. ಜಾಗ ಸತ್ತಿದ್ದಕ್ಕೆ ಸಿಆರ್‌ಪಿ ಅಷ್ಟು ಏರುವುದಿಲ್ಲ. ಎದೆಯಲ್ಲಿ ಸೋಂಕಾಗಿತ್ತು. ಆಂಟಿಬಯೋಟಿಕ್‌ಗೆ ಇಳಿದದ್ದೇ ಅದಕ್ಕೆ ಸಾಕ್ಷಿ. ಸಂಬಂಧಿಕರು ಹೃದಯದ ಕಡೆ ನೋಡಿದರು, ಸದ್ದು ಬರುತ್ತಿದ್ದದ್ದು ಶ್ವಾಸಕೋಶದಿಂದ.

ಆ ಸೋಂಕು ಎಲ್ಲಿಂದ ಬಂತು? ಇದನ್ನು ಹೇಳುವಾಗ ಒಂದು ಮಾತು ಮೊದಲೇ ಹೇಳುತ್ತೇನೆ. ಮನೆಯವರು ಯಾರೂ ತಪ್ಪು ಮಾಡಿದೆವು ಅಂತ ಕೊರಗಬೇಡಿ. ಪ್ರೀತಿಯಿಂದಲೇ ಎಳನೀರು ಕುಡಿಸಿದ್ದೀರಿ. ಆದರೆ ಲಕ್ವ ಆದಾಗ ನುಂಗುವ ಸ್ನಾಯುಗಳೂ ಸೋಲುತ್ತವೆ. ಕುಡಿದದ್ದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿಯುತ್ತದೆ. ‘ಕೆಮ್ಮು ಬಂದು ಅರ್ಧ ಆಚೆ ಬಂತು’ ಅಂತ ಬರೆದಿದ್ದೀರಲ್ಲ, ಆಚೆ ಬರದ ಇನ್ನರ್ಧದಲ್ಲಿ ಸ್ವಲ್ಪ ಶ್ವಾಸಕೋಶಕ್ಕೆ ಹೋಗಿರಬಹುದು. ಲಕ್ವದ ನಂತರದ ದಿನಗಳಲ್ಲಿ ಪ್ರಾಣ ತೆಗೆಯುವುದರಲ್ಲಿ ನ್ಯುಮೋನಿಯಾ ಮುಂಚೂಣಿಯಲ್ಲಿದೆ. ಅದಕ್ಕೇ ಲಕ್ವ ಅಂತ ಅನುಮಾನ ಬಂದವರಿಗೆ ನೀರೂ ಕೊಡಬಾರದು, ಮಾತ್ರೆಯೂ ಕೊಡಬಾರದು. ಆಸ್ಪತ್ರೆಯಲ್ಲಿ ನುಂಗುವುದನ್ನು ಪರೀಕ್ಷೆ ಮಾಡಿದ ಮೇಲೆಯೇ ಊಟ. ಈಗಲೂ ಗಮನ ಇಡಿ. ಗಂಜಿ ಕುಡಿಯುವಾಗ ಕೆಮ್ಮುತ್ತಾರಾ, ಊಟದ ನಂತರ ದನಿ ಗೊರಗೊರ ಅನ್ನುತ್ತದಾ, ನೋಡಿ. ಹಾಗಿದ್ದರೆ ಮುಂದಿನ ಭೇಟಿಗೆ ಕಾಯಬೇಡಿ, ಬೇಗ ತೋರಿಸಿ. ಮಲಗಿಸಿ ಏನನ್ನೂ ಕುಡಿಸಬೇಡಿ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗಿರಲಿ, ಸಣ್ಣ ಸಣ್ಣ ಗುಟುಕು. ಈ ಇಡೀ ಉತ್ತರದಲ್ಲಿ ನಿಮ್ಮ ಮನೆಗೆ ಇವತ್ತೇ ಬೇಕಾದ ಮಾತು ಇದು.

ಕೆಲವು ಮನೆಯವರು ‘ಜ್ವರ ಬರುವ ಮೊದಲೇ ಆಂಟಿಬಯೋಟಿಕ್ ಹಾಕಿಬಿಡಿ’ ಅಂತ ಕೇಳುತ್ತಾರೆ. 2015ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬ್ರಿಟನ್ನಿನ ಎರಡು ದೊಡ್ಡ ಪ್ರಯೋಗಗಳು ಹಾಗೆ ಮಾಡಿ ನೋಡಿದವು. ರೋಗಿಗಳು ಚೇತರಿಸಿಕೊಳ್ಳುವುದರಲ್ಲಿ ವ್ಯತ್ಯಾಸ ಬರಲಿಲ್ಲ. ಕಾಯಬೇಕು, ಗಮನಿಸಬೇಕು. ಸಿಆರ್‌ಪಿ ಏರಿ, ಜ್ವರ ಬಂದು, ಎದೆಯಲ್ಲಿ ಸದ್ದು ಕೇಳಿದರೆ ಆಗ ಬೇಗ ಕೊಡಬೇಕು. ಸಿಆರ್‌ಪಿ ನಮಗೆ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲೇ.

ಎನ್‌ಎಲ್‌ಆರ್ 5.8 ಬಗ್ಗೆ ಚಿಕ್ಕದಾಗಿ. ಅದೇನು ಹೊಸ ಪರೀಕ್ಷೆಯಲ್ಲ. ಮಾಮೂಲಿ ರಕ್ತಪರೀಕ್ಷೆಯಲ್ಲಿ ಎರಡು ಬಗೆಯ ಬಿಳಿ ಕಣಗಳ ಲೆಕ್ಕ ಇರುತ್ತದೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ದೇಹಕ್ಕೆ ದೊಡ್ಡ ಒತ್ತಡ ಬಿದ್ದಾಗ ಒಂದು ಬಗೆ ಏರುತ್ತದೆ, ಇನ್ನೊಂದು ಇಳಿಯುತ್ತದೆ. ಹೆಪ್ಪಿನ ಲಕ್ವದಲ್ಲೂ ಏರುತ್ತದೆ, ರಕ್ತಸ್ರಾವದಲ್ಲೂ ಏರುತ್ತದೆ, ಹಾರ್ಟ್ ಅಟ್ಯಾಕ್‌ನಲ್ಲೂ ಏರುತ್ತದೆ. ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೂ ಏರುತ್ತದೆ. ಬಹಳ ಜಾಸ್ತಿ ಇದ್ದವರು ಸ್ವಲ್ಪ ಕಷ್ಟಪಡುತ್ತಾರೆ, ಅವರಿಗೆ ಸೋಂಕು ಜಾಸ್ತಿ ಅಂತ ಕಂಡಿದೆ. ಬಗೆ ಹೇಳಲು ಅದರಿಂದ ಆಗುವುದಿಲ್ಲ.

ಹಾಗಂತ ಈ ಪರೀಕ್ಷೆಗಳೆಲ್ಲ ದಂಡ ಅಂತ ನಾನು ಹೇಳುತ್ತಿಲ್ಲ. ಕೆಲವೊಮ್ಮೆ ಇವೇ ನಮ್ಮ ದಾರಿ ತಿರುಗಿಸುತ್ತವೆ. ಒಮ್ಮೆ ಮೂವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಲಕ್ವ ಆಗಿ ಬಂದಳು. ಶುಗರ್ ಇಲ್ಲ, ಬಿಪಿ ಇಲ್ಲ. ಇಎಸ್‌ಆರ್ ನೂರರ ಹತ್ತಿರ ಇತ್ತು. ವಿಚಾರಿಸಿದಾಗ ಮೂರು ವಾರದಿಂದ ಸಂಜೆ ಸಂಜೆ ಸಣ್ಣ ಜ್ವರ, ತೂಕ ಇಳಿದಿದೆ ಅಂತ ಗೊತ್ತಾಯಿತು. ಹೃದಯದ ಎಕೋ ಮಾಡಿದರೆ ಕವಾಟದ ಮೇಲೆ ಸೋಂಕಿನ ಗೆಡ್ಡೆ ಇತ್ತು. ಅಂಥವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಪಾಯ. ಬೇಕಾಗಿದ್ದು ವಾರಗಟ್ಟಲೆ ಆಂಟಿಬಯೋಟಿಕ್. ಇಎಸ್‌ಆರ್ ಕಾಯಿಲೆಯ ಹೆಸರು ಹೇಳಲಿಲ್ಲ, ‘ಇದು ಮಾಮೂಲಿ ಲಕ್ವ ಅಲ್ಲ, ಇನ್ನೂ ಹುಡುಕು’ ಅಂತ ಹೇಳಿತು. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ಒಂದು ಕೈಯ ನಾಡಿ ಸಿಗದೆ ಇಎಸ್‌ಆರ್ ಜಾಸ್ತಿ ಇದ್ದರೆ ತಕಯಾಸು ಎಂಬ ನಾಳದ ಉರಿಯೂತ ನೆನಪಿಗೆ ಬರುತ್ತದೆ. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು, ಊಟ ಅಗಿಯುವಾಗ ದವಡೆ ನೋವು, ಕಣ್ಣು ಮಂಜು, ಜತೆಗೆ ಇಎಸ್‌ಆರ್, ಸಿಆರ್‌ಪಿ ಜಾಸ್ತಿ ಇದ್ದರೆ ಕಣತಲೆಯ ಹತ್ತಿರದ ನಾಳದ ಉರಿಯೂತ ಇರಬಹುದು. ಅದಕ್ಕೆ ಸ್ಟೀರಾಯ್ಡ್ ತಡ ಮಾಡದೆ ಕೊಡಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ. ನಮ್ಮ ದೇಶದಲ್ಲಿ ಮೆದುಳಿನ ಪೊರೆಯ ಕ್ಷಯವೂ ಲಕ್ವ ತರುತ್ತದೆ. ಅದಕ್ಕೆ ಬೆನ್ನುಹುರಿಯ ನೀರು ತೆಗೆದು ನೋಡಬೇಕು. ನಿಮ್ಮ ತಂದೆಯಲ್ಲಿ ಇಂಥ ಯಾವ ಸುಳಿವೂ ನನಗೆ ಕಾಣಲಿಲ್ಲ. ಅವರ ಇಎಸ್‌ಆರ್ 52 ಎದೆಯ ಸೋಂಕಿನ ಹೊತ್ತಿನದು. ಇಎಸ್‌ಆರ್ ನಿಧಾನವಾಗಿ ಇಳಿಯುತ್ತದೆ. ರಕ್ತ ಕಡಿಮೆ ಇದ್ದರೂ, ವಯಸ್ಸಾದರೂ ಜಾಸ್ತಿಯೇ ಇರುತ್ತದೆ.

ಮುಂದೆ ಎಂದಾದರೂ ರಕ್ತದಿಂದ ಬಗೆ ಗೊತ್ತಾಗಬಹುದಾ? ಆಸೆ ಇದೆ. ಆದರೆ ಅದು ಉರಿಯೂತದ ಗುರುತಿನಿಂದ ಬರುವ ಹಾಗೆ ಕಾಣುವುದಿಲ್ಲ. ಮೆದುಳಿನ ಆಧಾರಕೋಶಗಳೊಳಗೆ ಜಿಎಫ್‌ಎಪಿ ಎಂಬ ಪ್ರೋಟೀನ್ ಇದೆ. ರಕ್ತ ಸೋರಿದಾಗ ಆ ಕೋಶಗಳು ಕೂಡಲೇ ಒಡೆದು ಇದು ಬೇಗ ರಕ್ತಕ್ಕೆ ಬರುತ್ತದೆ. ಹೆಪ್ಪಿನಲ್ಲಿ ಕೋಶ ನಿಧಾನಕ್ಕೆ ಸಾಯುತ್ತದೆ, ಹಾಗಾಗಿ ತಡವಾಗಿ ಬರುತ್ತದೆ. ಈ ಸಮಯದ ವ್ಯತ್ಯಾಸ ಹಿಡಿದು ಆಂಬ್ಯುಲೆನ್ಸಿನಲ್ಲೇ ಬಗೆ ಹೇಳಬಹುದಾ ಅಂತ ನೋಡುತ್ತಿದ್ದಾರೆ. ಅಮೆರಿಕದಲ್ಲಿ 2018ರಲ್ಲಿ ಈ ಪ್ರೋಟೀನನ್ನು ಇನ್ನೊಂದರ ಜತೆ ಸೇರಿಸಿ ತಲೆಗೆ ಪೆಟ್ಟಾದವರ ಪರೀಕ್ಷೆಗೆ ಒಪ್ಪಿದ್ದಾರೆ. ಲಕ್ವಕ್ಕೆ ಮಾತ್ರ ಚಿಕ್ಕ ರಕ್ತಸ್ರಾವ ತಪ್ಪಿಹೋಗುವ ಭಯ ಇದೆ. ಚನ್ನಗಿರಿಯಿಂದ ದಾವಣಗೆರೆಗೆ ಬರುವ ದಾರಿಯಲ್ಲೇ ಬಗೆ ಗೊತ್ತಾಗುವ ದಿನ ಬರಲಿ ಅಂತ ನನಗೂ ಬಹಳ ಆಸೆ. ಇವತ್ತು ಸ್ಕ್ಯಾನ್ ಬಿಟ್ಟು ಬೇರೆ ದಾರಿ ಇಲ್ಲ.

ಇನ್ನು ಮಾತ್ರೆ. ‘ಸ್ಟ್ರಾಂಗ್ ಬ್ಲಡ್ ಥಿನ್ನರ್’ ಅಂದರೆ ವಾರ್ಫರಿನ್, ಎಪಿಕ್ಸಬಾನ್, ರಿವರೋಕ್ಸಬಾನ್ ಥರದವು. ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಿಗೆ ಅವು ಜೀವ ಉಳಿಸುತ್ತವೆ. ಇಲ್ಲದವರಿಗೆ ಕೊಟ್ಟರೆ? 2018ರಲ್ಲಿ ಕಾರಣ ಸಿಗದ ಲಕ್ವದ 7000ಕ್ಕೂ ಹೆಚ್ಚು ರೋಗಿಗಳಲ್ಲಿ ರಿವರೋಕ್ಸಬಾನ್ ಮತ್ತು ಆಸ್ಪಿರಿನ್ ಹೋಲಿಸಿದರು. ಮತ್ತೆ ಲಕ್ವ ಆಗುವುದು ಕಡಿಮೆಯಾಗಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ್ದು 2024ರ ಆರ್ಕೇಡಿಯಾ ಪ್ರಯೋಗ. ಹೃದಯದ ಮೇಲಿನ ಕೋಣೆಗೆ ತೊಂದರೆ ಇದೆ ಅಂತ ಒಂದು ರಕ್ತಪರೀಕ್ಷೆ, ಇಸಿಜಿ ಅಥವಾ ಎಕೋ ಹೇಳಿದ 1015 ಮಂದಿಯನ್ನು ಆರಿಸಿ, ಅರ್ಧ ಮಂದಿಗೆ ಎಪಿಕ್ಸಬಾನ್, ಇನ್ನರ್ಧಕ್ಕೆ ಆಸ್ಪಿರಿನ್ ಕೊಟ್ಟರು. ಮತ್ತೆ ಲಕ್ವ ಆದವರು ಎರಡೂ ಕಡೆ ವರ್ಷಕ್ಕೆ ನೂರಕ್ಕೆ 4.4. ಹೃದಯಕ್ಕೇ ಸಂಬಂಧಪಟ್ಟ ರಕ್ತಪರೀಕ್ಷೆ ಬಳಸಿ ಮಾತ್ರೆ ಆರಿಸಿದರೂ ಲಾಭ ಸಿಗಲಿಲ್ಲ. ಎದೆಯ ಸೋಂಕಿಗೆ ಏರಿದ ಸಿಆರ್‌ಪಿ ನೋಡಿ ಆರಿಸಿದರೆ ಹೇಗೆ?

ಆದರೆ ಸಂಬಂಧಿಕರ ಅನುಮಾನವನ್ನು ಪೂರ್ತಿ ತಳ್ಳಿಹಾಕಬೇಡಿ. ಹೃದಯವನ್ನು ನೋಡಬೇಕು ಅನ್ನುವುದು ಸರಿ, ನೋಡುವ ರೀತಿ ಬೇರೆ. ಇಸಿಜಿ ಹಿಡಿಯುವುದು ಹತ್ತು ಸೆಕೆಂಡಿನ ಬಡಿತವನ್ನು ಮಾತ್ರ. ತಾಳ ತಪ್ಪುವುದು ಬಂದು ಹೋಗುತ್ತಿರುತ್ತದೆ. 24 ಗಂಟೆ ಬಡಿತ ದಾಖಲಿಸುವ ಹೋಲ್ಟರ್, ಒಂದು ಎಕೋ, ಕತ್ತಿನ ನಾಳದ ಡಾಪ್ಲರ್ ಸ್ಕ್ಯಾನ್ ಆಗಿದೆಯಾ ಅಂತ ಡಿಸ್ಚಾರ್ಜ್ ಕಾಗದದಲ್ಲಿ ನೋಡಿ. ಆಗಿಲ್ಲದಿದ್ದರೆ ಕೇಳಿ. ಲ್ಯಾಕ್ಯುನಾರ್ ಅಂತ ಕಂಡವರಲ್ಲೂ ಕೆಲವೊಮ್ಮೆ ಇನ್ನೊಂದು ಕಾರಣ ಜತೆಗಿರುತ್ತದೆ. ಉರಿಯೂತದ ಪ್ಯಾಕೇಜಿಗೆ ಕೊಡುವ ದುಡ್ಡನ್ನು ಇದಕ್ಕೆ ಇಟ್ಟರೆ ಉಪಯೋಗ.

ಇನ್ನೊಂದು ವಿಷಯವನ್ನು ನೀವು ಕೇಳಿಲ್ಲ, ನಾನೇ ಹೇಳಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಒಟ್ಟಿಗೆ ಎಷ್ಟು ದಿನ? ಚಿಕ್ಕ ಲಕ್ವ ಆದವರಿಗೆ ಸಾಮಾನ್ಯವಾಗಿ 21 ದಿನ, ಆಮೇಲೆ ಒಂದೇ. ತಲೆಯೊಳಗಿನ ದೊಡ್ಡ ನಾಳ ತುಂಬಾ ಕಿರಿದಾಗಿದ್ದರೆ ಮೂರು ತಿಂಗಳವರೆಗೆ ಎರಡೂ ಇರಬಹುದು. ಲ್ಯಾಕ್ಯುನಾರ್ ಲಕ್ವದವರಿಗೆ ಎರಡನ್ನೂ ವರ್ಷಗಟ್ಟಲೆ ಕೊಟ್ಟು ನೋಡಿದ ಎಸ್‌ಪಿಎಸ್-3 ಎಂಬ ಪ್ರಯೋಗ 2012ರಲ್ಲಿ ಪ್ರಕಟವಾಯಿತು. 3020 ಮಂದಿ ಇದ್ದರು. ಲಕ್ವ ಕಡಿಮೆಯಾಗಲಿಲ್ಲ, ರಕ್ತಸ್ರಾವವೂ ಸಾವೂ ಜಾಸ್ತಿಯಾದವು. ನಿಮಗೆ ಮೂರು ವಾರ ಆಗಿದೆ. ಈ ವಾರವೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ‘ಇನ್ನು ಮುಂದೆ ಯಾವುದು ಒಂದೇ ಇರಬೇಕು, ಯಾವತ್ತಿನಿಂದ’ ಅಂತ ಕೇಳಿ. ಉತ್ತರ ಬರುವ ತನಕ ನಿಲ್ಲಿಸಬೇಡಿ. ಕೊನೆಗೆ ಒಂದಂತೂ ಬಹುಮಟ್ಟಿಗೆ ಜೀವನಪೂರ್ತಿ ಇರುತ್ತದೆ. ಬಿಪಿ ಮೇಲಿನ ಸಂಖ್ಯೆ 130ರ ಒಳಗೆ ಇರಬೇಕು. ಸಣ್ಣ ನಾಳದ ಲಕ್ವಕ್ಕೆ ಇದಕ್ಕಿಂತ ದೊಡ್ಡ ಔಷಧ ನನಗೆ ಗೊತ್ತಿಲ್ಲ. ಮನೆಗೆ ಒಂದು ಬಿಪಿ ಯಂತ್ರ ತನ್ನಿ, ಬರೆದಿಡಿ.

ಉರಿಯೂತ ಇಳಿಸಲು ಏನಾದರೂ ಕೊಡಬಹುದಾ ಅಂತಲೂ ನಿಮ್ಮಲ್ಲಿ ಮಾತು ಬರುತ್ತಿರಬಹುದು. ಈ ವಿಚಾರವನ್ನು ವೈದ್ಯರೂ ಗಂಭೀರವಾಗಿ ನೋಡಿದ್ದಾರೆ. ಕಾಲ್ಚಿಸಿನ್ ಎಂಬ ಹಳೆಯ ಮಾತ್ರೆಯನ್ನು ಲಕ್ವ ಆದವರಿಗೆ ಕೊಟ್ಟ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2024ರಲ್ಲಿ ಬಂತು. ಒಂದರಲ್ಲಿ ಸಿಆರ್‌ಪಿ 2ಕ್ಕಿಂತ ಕಡಿಮೆ ಇಲ್ಲದವರನ್ನೇ ಆರಿಸಿದ್ದರು, ಮೂರು ತಿಂಗಳಲ್ಲಿ ಲಾಭ ಕಾಣಲಿಲ್ಲ. ಇನ್ನೊಂದರಲ್ಲಿಯೂ ಖಚಿತ ಲಾಭ ಸಾಬೀತಾಗಲಿಲ್ಲ. ಬಾಗಿಲು ಮುಚ್ಚಿಲ್ಲ, ಆದರೆ ಸದ್ಯಕ್ಕೆ ಕೊಡುವುದು ಬೇಡ. ಸ್ಟೀರಾಯ್ಡ್ ಅಂತೂ ಬೇಡವೇ ಬೇಡ, ಶುಗರ್ ಏರುತ್ತದೆ, ಸೋಂಕು ಹೆಚ್ಚುತ್ತದೆ. ಸಾರಿಗೆ ಹಾಕುವ ಅರಿಶಿನ ಹಾಕಿ. ಅರಿಶಿನದ ಸಾರದ ಕ್ಯಾಪ್ಸೂಲ್ ಬೇಡ. ಬ್ಲಡ್ ಥಿನ್ನರ್ ಜತೆ ಅದು ರಕ್ತಸ್ರಾವ ಹೆಚ್ಚಿಸಬಹುದು, ಕೆಲವರಿಗೆ ಲಿವರ್ ಕೆಟ್ಟಿದ್ದೂ ಇದೆ.

ನೀವು ಮತ್ತು ತಮ್ಮ ಪ್ಯಾಕೇಜ್ ಮಾಡಿಸಬೇಕಾ? ನನ್ನ ಸಲಹೆ, ಬೇಡ. ಎಚ್‌ಎಸ್-ಸಿಆರ್‌ಪಿ ಎಂಬ ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿದ್ದರೆ ಹೃದಯ, ನಾಳಗಳಿಗೆ ಅಪಾಯ ಕಡಿಮೆ, 3 ದಾಟಿದರೆ ಜಾಸ್ತಿ ಅನ್ನುತ್ತಾರೆ. 2008ರ ಜುಪಿಟರ್ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಅಷ್ಟೇನೂ ಇಲ್ಲದೆ ಇದು ಮಾತ್ರ ಜಾಸ್ತಿ ಇದ್ದವರಿಗೆ ಸ್ಟ್ಯಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟಾಗ ಲಕ್ವ ಸುಮಾರು ಅರ್ಧಕ್ಕೆ ಇಳಿಯಿತು. ಹಾಗಾಗಿ ಅದಕ್ಕೆ ಬೆಲೆ ಇದೆ. ಆದರೆ ಸ್ಟ್ಯಾಟಿನ್ ಕೊಡಬೇಕಾ ಬೇಡವಾ ಅಂತ ವೈದ್ಯರಿಗೆ ಗೊಂದಲ ಇದ್ದಾಗ ಅದು ಕೆಲಸಕ್ಕೆ ಬರುತ್ತದೆ, ಸುಮ್ನೆ ಪ್ಯಾಕೇಜಿನಲ್ಲಿ ಅಲ್ಲ. ನೆಗಡಿ ಬಂದಿದ್ದರೂ, ಹಲ್ಲು ನೋವಿದ್ದರೂ ಅದು ಏರುತ್ತದೆ. ಲ್ಯಾಬುಗಳ ಅಳತೆಯನ್ನೂ ಗಮನಿಸಿ. ಕೆಲವರು ಲೀಟರಿನ ಲೆಕ್ಕ ಬರೆಯುತ್ತಾರೆ, ಕೆಲವರು ಡೆಸಿಲೀಟರಿನದು. ಹತ್ತು ಪಟ್ಟು ವ್ಯತ್ಯಾಸ! ನೀವಿಬ್ಬರೂ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿ. ತಮ್ಮ ಸಿಗರೇಟ್ ಸೇದುತ್ತಿದ್ದರೆ ಬಿಡಿಸಿ.

ಒಂದು ಕಡೆ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ಐದೂವರೆಗೆ ಕೈ ಬಿತ್ತು, ಹತ್ತೂವರೆಗೆ ಆಸ್ಪತ್ರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆ ಮಾತ್ರ ಇರುತ್ತದೆ. ಅರ್ಧ ಗಂಟೆಯಲ್ಲಿ ತಪ್ಪಿತು. ನಿಮ್ಮನ್ನು ದೂರುತ್ತಿಲ್ಲ. ಪಾರಿವಾಳದ ರಕ್ತ ಸವರಿಸಿಕೊಂಡು ಎರಡು ದಿನ ಬಿಟ್ಟು ಬಂದವರನ್ನು ನಾನು ನೋಡಿದ್ದೇನೆ, ನೀವು ಅವರಿಗಿಂತ ಎಷ್ಟೋ ಬೇಗ ಬಂದಿರಿ. ಒಮ್ಮೆ ಆದವರಿಗೆ ಮತ್ತೆ ಆಗುವ ಸಾಧ್ಯತೆ ಜಾಸ್ತಿ. ಅದಕ್ಕೇ ಹೇಳುತ್ತೇನೆ. ಬಾಯಿ ಸೊಟ್ಟ, ಕೈ ಸೋಲು, ಮಾತು ತೊದಲು, ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ 108ಕ್ಕೆ ಕರೆ ಮಾಡಿ. ಸಿಟಿ ಇರುವ ಆಸ್ಪತ್ರೆಗೇ ನೇರ ಹೋಗಿ. ದಾರಿಯಲ್ಲಿ ಯಾವ ಲ್ಯಾಬಿಗೂ ನಿಲ್ಲಬೇಡಿ. ಆ ಇಂಜೆಕ್ಷನ್‌ಗೆ ಮೊದಲು ಎಲ್ಲರಿಗೂ ತಪ್ಪದೆ ಮಾಡಲೇಬೇಕಾದ ರಕ್ತಪರೀಕ್ಷೆ ಒಂದೇ, ಬೆರಳು ಚುಚ್ಚಿ ನೋಡುವ ಶುಗರ್. ಶುಗರ್ ತೀರಾ ಇಳಿದರೂ ಲಕ್ವದ ಹಾಗೆಯೇ ಕಾಣುತ್ತದೆ, ಅದಕ್ಕೆ. ಬ್ಲಡ್ ಥಿನ್ನರ್ ತಗೊಳ್ಳುವವರಿಗೆ, ರಕ್ತಸ್ರಾವದ ಕಾಯಿಲೆ ಇರುವವರಿಗೆ ಮಾತ್ರ ಇನ್ನೊಂದೆರಡಕ್ಕೆ ಕಾಯಬೇಕು. ಸಿಆರ್‌ಪಿಗೆ ಯಾರೂ ಕಾಯುವುದಿಲ್ಲ.

ಕೊನೆಗೆ ಅಪ್ಪನ ಪ್ರಶ್ನೆ. ಹಾಲು ಕರೆಯಬಹುದು ಅಂತ ಹೇಳಿ. ಆಳದ ಚಿಕ್ಕ ಲಕ್ವದಲ್ಲಿ ಕೈ ಚೆನ್ನಾಗಿಯೇ ವಾಪಸ್ ಬರುತ್ತದೆ, ಮೊದಲ ಮೂರು ತಿಂಗಳು ಬೇಗ, ಆಮೇಲೆ ನಿಧಾನವಾಗಿ. ಬೆರಳು ಮಡಚುವುದು, ಹಿಂಡುವುದು, ಬಿಡುವುದು. ಫಿಸಿಯೋಥೆರಪಿಯಲ್ಲಿ ಚೆಂಡು ಕೊಟ್ಟು ಮಾಡಿಸುವುದೂ ಇದನ್ನೇ. ಸದ್ಯ ಮನೆಯಲ್ಲಿ ಒದ್ದೆ ಬಟ್ಟೆ ಹಿಂಡಿಸಿ, ರೊಟ್ಟಿ ಹಿಟ್ಟು ನಾದಿಸಿ. ನಡಿಗೆ ಗಟ್ಟಿಯಾಗಿ, ಕೋಲಿಲ್ಲದೆ ಕೂತು ಏಳುವಂತಾದ ಮೇಲೆ ಎರಡು ಹಸುಗಳಲ್ಲಿ ಸಾಧುವಾದದ್ದರ ಹತ್ತಿರ ಕೂರಿಸಿ. ಕುಕ್ಕುರುಗಾಲಲ್ಲಿ ಬೇಡ, ಮಣೆ ಹಾಕಿ. ಮೊದಲ ವಾರ ತಮ್ಮ ಪಕ್ಕದಲ್ಲಿರಲಿ, ಚೊಂಬನ್ನು ಅವನು ಹಿಡಿದುಕೊಳ್ಳಲಿ.